ನಿಮಗಿದು ಗೊತ್ತೇ? ಬಾಳು ತಿದ್ದಿದ ಪುಸ್ತಕಗಳು, ನಮ್ಮ ಸೀಮೆಯಿಂದಲೇ ಶುರು

ಕನ್ನಡದಲ್ಲಿ ಇವತ್ತಿಗೂ ನಮ್ಮ ಕೈಗೆ ಸಿಗುವ ಅತಿ ಹಳೆಯ ಪುಸ್ತಕ ಯಾವುದು? ಪುರಾಣವೂ ಅಲ್ಲ, ರಾಜನ ಚರಿತ್ರೆಯೂ ಅಲ್ಲ. ‘ಬರೆಯುವುದು ಹೇಗೆ’ ಎಂದು ಹೇಳಿಕೊಡುವ ಕೈಪಿಡಿ. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ಕ್ಕೆ ಮೂರು ಪರಿಚ್ಛೇದಗಳು. ಕವಿಗಳು ಎಲ್ಲೆಲ್ಲಿ ಎಡವುತ್ತಾರೆ, ಯಾವ ದೋಷವನ್ನು ತಿದ್ದಿಕೊಳ್ಳಬೇಕು, ಸಂಸ್ಕೃತದ ಮಾತನ್ನೂ ಕನ್ನಡದ ಮಾತನ್ನೂ ಹೇಗೆ ಕೂಡಿಸಬಾರದು ಎಂಬುದರಿಂದ ಹಿಡಿದು ಅಲಂಕಾರಗಳವರೆಗೆ ಎಲ್ಲವನ್ನೂ ಲಕ್ಷಣ ಕೊಟ್ಟು, ಉದಾಹರಣೆ ಕೊಟ್ಟು ಹೇಳುತ್ತದೆ. ಕನ್ನಡಿಗರ ಪುಸ್ತಕದ ಕಪಾಟು ತೆರೆದುಕೊಳ್ಳುವುದೇ ‘ನೀನೂ ಮಾಡಬಲ್ಲೆ, ಹೀಗೆ ಮಾಡು’ ಎನ್ನುವ ಪುಸ್ತಕದಿಂದ.

ಈ ಅಂಕಣಕ್ಕೆ ನೆಪವೂ ಅದೇ. ಹೊರಕೆರೆದೇವಪುರ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಕಡೆಯ ಹುಡುಗ ಹುಡುಗಿಯರು ‘ಬದುಕು ಬದಲಾಯಿಸೋ ಪುಸ್ತಕ ಯಾವುದಾದ್ರೂ ಇದ್ರೆ ಹೇಳಿ ಸಾರ್’ ಎಂದು ಕೇಳುತ್ತಲೇ ಇರುತ್ತಾರೆ. ಮೊಬೈಲಿನಲ್ಲಿ ಅವರಿಗೆ ಸಿಗುವುದು ಅವೇ ನಾಲ್ಕೈದು ಇಂಗ್ಲಿಷ್ ಹೆಸರು. ಆ ಪುಸ್ತಕಗಳ ಮೇಲೆ ನನಗೆ ಸಿಟ್ಟಿಲ್ಲ, ಕೆಲವನ್ನು ಇಲ್ಲೇ ಮುಂದೆ ಹೊಗಳಿದ್ದೇನೆ. ಆದರೆ ತಮ್ಮ ಮನೆಯ ಹಿತ್ತಲಲ್ಲೇ ಇರುವ ಪುಸ್ತಕಗಳು ಈ ಮಕ್ಕಳ ಕಣ್ಣಿಗೇ ಬೀಳುವುದಿಲ್ಲವಲ್ಲ ಎಂಬ ಸಂಕಟ ನಿಜವಾದದ್ದು.

‘ಛಂದೋಂಬುಧಿ’ ಗೊತ್ತೇ? ಸುಮಾರು 990ರಲ್ಲಿ ಒಂದನೆಯ ನಾಗವರ್ಮ ಬರೆದ, ಕನ್ನಡ ಛಂದಸ್ಸಿನ ಮೊದಲ ಕೈಪಿಡಿ. ಇಡೀ ಶಾಸ್ತ್ರವನ್ನು ಅವನು ಹೇಳುವುದು ತನ್ನ ಹೆಂಡತಿಗೆ.

1025ರ ಸುಮಾರಿನ ‘ಲೋಕೋಪಕಾರ’ದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಚಾಲುಕ್ಯ ಜಯಸಿಂಹನ ಕಾಲದಲ್ಲಿ ಇಮ್ಮಡಿ ಚಾವುಂಡರಾಯ ಬರೆದ ಈ ಪುಸ್ತಕದಲ್ಲಿ ಹನ್ನೆರಡು ಅಧ್ಯಾಯಗಳಿವೆ. ಮನೆ ಕಟ್ಟುವುದು, ನೆಲದಡಿ ನೀರು ಎಲ್ಲಿದೆ ಎಂದು ಗುರುತಿಸುವುದು, ಗಿಡಮರಗಳ ಆರೈಕೆ, ಅವಕ್ಕೆ ಬರುವ ರೋಗ, ಅಡುಗೆ, ಸುಗಂಧದ್ರವ್ಯ ತಯಾರಿಸುವುದು, ಮನುಷ್ಯರ ಮದ್ದು, ದನಕರುಗಳ ಮದ್ದು, ವಿಷಕ್ಕೆ ಚಿಕಿತ್ಸೆ. ಒಂದು ಸಂಸಾರ, ಒಂದು ಹೊಲ, ಒಂದು ಕೊಟ್ಟಿಗೆ ಇರುವವನಿಗೆ ಏನೇನು ತಿಳಿದಿರಬೇಕೋ ಅಷ್ಟೂ ಒಂದೇ ಕಡೆ, ಅದೂ ಕನ್ನಡದಲ್ಲಿ. ಜ್ಯೋತಿಷ್ಯ, ಶಕುನಗಳೂ ಅದರಲ್ಲಿವೆ. ವಿಷಕ್ಕೆ ಹೇಳಿದ ಮದ್ದನ್ನು ಇಂದು ಯಾರೂ ಪ್ರಯೋಗ ಮಾಡಬಾರದು, ಹಾವು ಕಚ್ಚಿದರೆ ನೆಟ್ಟಗೆ ಆಸ್ಪತ್ರೆಗೆ ಓಡಬೇಕು. ಆದರೆ ತೋಟಗಾರಿಕೆಯ ಭಾಗವನ್ನು ಇಂದಿನ ಕೃಷಿ ವಿದ್ವಾಂಸರೂ ಆಸಕ್ತಿಯಿಂದ ಓದುತ್ತಾರೆ. ಹೊಳಲ್ಕೆರೆಯ ಅಡಿಕೆ ತೋಟದವರು ಒಮ್ಮೆ ತಿರುವಿ ಹಾಕಬಾರದೇ ಎಂದು ನನಗೆ ಅನಿಸಿದ್ದುಂಟು.

12ನೇ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’ ಬರೆದ: ದಿನದ ಕೊಡುಕೊಳುಗೆಗೆ ಬೇಕಾದ ಲೆಕ್ಕ, ಪದ್ಯದಲ್ಲಿ. ಕೀರ್ತಿವರ್ಮ ದನಗಳ ಚಿಕಿತ್ಸೆಗೆಂದೇ ‘ಗೋವೈದ್ಯ’ ಬರೆದ. 16ನೇ ಶತಮಾನದ ಮೂರನೆಯ ಮಂಗರಸ ಅಡುಗೆಯ ಪುಸ್ತಕ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಕಟ್ಟಿದ.

ಸಂಚಿ ಹೊನ್ನಮ್ಮ ಗೊತ್ತೇ? ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ, 17ನೇ ಶತಮಾನದ ಕೊನೆಯ ಭಾಗದಲ್ಲಿ, ರಾಣಿಗೆ ಎಲೆಅಡಿಕೆಯ ಸಂಚಿ ಹಿಡಿಯುವ ಕೆಲಸ ಅವಳದು. ಯಳಂದೂರಿನ ಹೆಣ್ಣುಮಗಳು. ಅವಳು ಸಾಂಗತ್ಯದಲ್ಲಿ ಬರೆದ ‘ಹದಿಬದೆಯ ಧರ್ಮ’ ಮೇಲ್ನೋಟಕ್ಕೆ ಗೃಹಿಣಿಯ ಕರ್ತವ್ಯಗಳ ಪುಸ್ತಕ. ಅತ್ತೆ ಮಾವಂದಿರೊಡನೆ ಹೇಗಿರಬೇಕು, ಗಂಡನೊಡನೆ ಹೇಗಿರಬೇಕು ಎಂಬ ಬುದ್ಧಿಮಾತು. ಆದರೆ ನಡುವೆ ಒಂದು ಕಡೆ ಅವಳು ನೆಟ್ಟಗೆ ತಿರುಗಿ ನಿಂತು ಕೇಳುತ್ತಾಳೆ: ಹೆತ್ತವಳೂ ಹೆಣ್ಣು, ಸಾಕಿದವಳೂ ಹೆಣ್ಣು, ಹಾಗಿರುವಾಗ ಹೆಣ್ಣನ್ನು ಕೀಳೆಂದು ಜರೆಯುವವರಿಗೆ ಕಣ್ಣು ಕಾಣದೇ? ಮುನ್ನೂರು ವರ್ಷಕ್ಕೂ ಹಿಂದೆ, ಅರಮನೆಯ ಊಳಿಗದವಳೊಬ್ಬಳು, ಉಪದೇಶದ ಪುಸ್ತಕದ ಒಳಗೇ ಇಟ್ಟ ಪ್ರಶ್ನೆ ಇದು. ಹೆಣ್ಣುಮಕ್ಕಳ ಕಾಲೇಜುಗಳಲ್ಲಿ ಬಹುಮಾನವಾಗಿ ಕೊಡಲು ಇದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಹೊಳೆಯುವುದಿಲ್ಲ.

ಸರ್ವಜ್ಞನ ತ್ರಿಪದಿಗಳನ್ನು ಊರೂರು ಅಲೆದು, ಬಾಯಿಂದ ಬಾಯಿಗೆ ಬಂದದ್ದನ್ನೂ ಓಲೆಗಳಲ್ಲಿದ್ದದ್ದನ್ನೂ ಸಂಗ್ರಹಿಸಿ 1924ರಲ್ಲಿ ಪುಸ್ತಕ ಮಾಡಿದವರು ಒಬ್ಬ ಕ್ರೈಸ್ತ ಪಾದ್ರಿ, ಉತ್ತಂಗಿ ಚನ್ನಪ್ಪನವರು. ಇಂದು ಶಾಲೆಯ ಮಕ್ಕಳು ಬಾಯಿಪಾಠ ಒಪ್ಪಿಸುವ ಬಾಳಿನ ಬುದ್ಧಿಯಲ್ಲಿ ಬಹುಪಾಲು ಅವರ ಕೈದಾಟಿ ಬಂದದ್ದು.

ಇನ್ನು ನಮ್ಮ ಚಿತ್ರದುರ್ಗ ಸೀಮೆಗೆ ಬರೋಣ.

ಹೊರಕೆರೆದೇವಪುರ ಇರುವ ಹೊಳಲ್ಕೆರೆ ತಾಲ್ಲೂಕಿನಲ್ಲೇ ಮಲ್ಲಾಡಿಹಳ್ಳಿ ಇದೆ. ಅಲ್ಲಿನ ಅನಾಥ ಸೇವಾಶ್ರಮವನ್ನು ಕಟ್ಟಿದ ರಾಘವೇಂದ್ರ ಸ್ವಾಮೀಜಿಯವರನ್ನು ಈ ಭಾಗದ ಹಿರಿಯರು ಇಂದಿಗೂ ಯೋಗ ಕಲಿಸಿದವರು ಎಂದೇ ನೆನೆಯುತ್ತಾರೆ. ಅವರು ಬರೆಯುತ್ತಿದ್ದದ್ದು ‘ತಿರುಕ’ ಎಂಬ ಹೆಸರಿನಲ್ಲಿ. ಊರೂರಿನಲ್ಲಿ ಯೋಗ ಶಿಬಿರ ನಡೆಸುತ್ತ ನಡೆಸುತ್ತ 1943ರ ಸುಮಾರಿಗೆ ಮಲ್ಲಾಡಿಹಳ್ಳಿಗೆ ಬಂದವರು ಅಲ್ಲೇ ನೆಲೆ ನಿಂತರು. ಯೋಗದ ಜೊತೆಗೆ ಆಯುರ್ವೇದವೂ ಅವರಿಗೆ ಕರಗತ. ಮನೆಮನೆಗೆ ಜೋಳಿಗೆ ಹಿಡಿದು ಹೋಗಿ ಬೇಡಿ ತಂದದ್ದರಲ್ಲಿ ಶಾಲೆ, ಹಾಸ್ಟೆಲ್, ಆಸ್ಪತ್ರೆ ಎಬ್ಬಿಸಿದರು. ಆ ಬದುಕನ್ನು ತಾವೇ ಬರೆದಿಟ್ಟ ಆತ್ಮಕಥೆಯ ಹೆಸರು ‘ಜೋಳಿಗೆಯ ಪವಾಡ’. 1996ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು.

ಈ ಪುಸ್ತಕವನ್ನು ನಾನು ಓದುಗರಿಗೆ ಒತ್ತಾಯ ಮಾಡಿ ಹೇಳಲು ಕಾರಣವಿದೆ. ಬದುಕು ತಿದ್ದುವ ಪುಸ್ತಕಗಳಲ್ಲಿ ಎರಡು ಬಗೆ. ಒಂದರಲ್ಲಿ ಬರೆದವನು ಗೆದ್ದ ಮೇಲೆ ಕುಳಿತು ಸೂತ್ರ ಹೇಳುತ್ತಾನೆ. ಇನ್ನೊಂದರಲ್ಲಿ ಕೈ ಮಾಡಿದ ಕೆಲಸವನ್ನೇ ಬಾಯಿ ಹೇಳುತ್ತದೆ. ತಿರುಕರದ್ದು ಎರಡನೆಯ ಬಗೆ. ಒಂದು ಪುಡಿಗಾಸೂ ಇಲ್ಲದೆ ಶಾಲೆ ಕಟ್ಟುವುದು ಹೇಗೆ ಎಂಬುದಕ್ಕೆ ಅವರಲ್ಲಿ ಸಿಗುವ ಉತ್ತರ ಪಟ್ಟಿಯಾಗಿ ಬರುವುದಿಲ್ಲ, ಇಡೀ ಒಂದು ಆಯಸ್ಸಾಗಿ ಬರುತ್ತದೆ. ಮಲ್ಲಾಡಿಹಳ್ಳಿಗೆ ಬಸ್ಸಿನಲ್ಲಿ ಹೋಗಿ ಆ ಕಟ್ಟಡಗಳನ್ನು ನೋಡಿ ಬಂದು ಓದಿದರೆ ಇನ್ನೂ ಚೆನ್ನ.

ಮುಂದಿನದು ಇನ್ನೂ ದೊಡ್ಡದು. ಜಗತ್ತಿನ ಯಾವ ಪಟ್ಟಣಕ್ಕೆ ಹೋದರೂ ಇಂದು ಯೋಗದ ತರಗತಿ ಇದೆಯಲ್ಲ, ಆ ತರಗತಿಗಳಲ್ಲಿ ಬಹಳಷ್ಟರ ಬೇರು ಚಿತ್ರದುರ್ಗ ಸೀಮೆಯಲ್ಲಿ ಹುಟ್ಟಿದ ಒಬ್ಬರ ಕನ್ನಡ ಪುಸ್ತಕಕ್ಕೆ ಬಂದು ಮುಟ್ಟುತ್ತದೆ, ಗೊತ್ತೇ? ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ಶಾಸ್ತ್ರಗಳನ್ನೆಲ್ಲ ಓದಿ ಬಂದ ಮೇಲೂ 1920ರ ದಶಕದಲ್ಲಿ ಹೊಟ್ಟೆಪಾಡಿಗೆ ಹಾಸನ ಜಿಲ್ಲೆಯ ಕಾಫಿ ತೋಟದಲ್ಲಿ ಮೇಸ್ತ್ರಿ ಕೆಲಸ ಮಾಡಿದವರು. ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಮೈಸೂರಿಗೆ ಕರೆಸಿಕೊಂಡರು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. 1934ರಲ್ಲಿ ‘ಯೋಗ ಮಕರಂದ’ ಬಂತು, ಕನ್ನಡದಲ್ಲಿ, ಆಸನಗಳ ಫೋಟೋಗಳ ಸಮೇತ. ಆಮೇಲೆ 1941ರಲ್ಲಿ ‘ಯೋಗಾಸನಗಳು’, ಅದೂ ಕನ್ನಡವೇ.

ಆ ಶಾಲೆಯಲ್ಲಿ ಕಲಿತವರ ಹೆಸರು ಕೇಳಿ. ಹಾಸನದ ಕಡೆಯ ಕೌಶಿಕದ ಪಟ್ಟಾಭಿ ಜೋಯಿಸರು ಹನ್ನೆರಡರ ಹುಡುಗನಾಗಿದ್ದಾಗ, 1927ರಲ್ಲಿ ಹಾಸನದಲ್ಲಿ ಕೃಷ್ಣಮಾಚಾರ್ಯರ ಪ್ರದರ್ಶನ ನೋಡಿ ಬೆರಗಾಗಿ ಬೆನ್ನು ಹತ್ತಿದರು. ಅವರ ‘ಯೋಗ ಮಾಲಾ’ ಮೊದಲು ಕನ್ನಡದಲ್ಲೇ 1962ರಲ್ಲಿ ಅಚ್ಚಾಯಿತು. ಇಂಗ್ಲಿಷಿಗೆ ಹೋದದ್ದು 1999ರಲ್ಲಿ. ಆಗಿನ ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿದ ಇಂದ್ರಾದೇವಿಯನ್ನು ಆಚಾರ್ಯರು ಮೊದಲು ಸೇರಿಸಿಕೊಳ್ಳಲು ಒಪ್ಪಲಿಲ್ಲ. ಮಹಾರಾಜರು ಹೇಳಿದ ಮೇಲೆ ಒಪ್ಪಿದರು. ಆಕೆ 1947ರಲ್ಲಿ ಅಮೆರಿಕಕ್ಕೆ ಹೋಗಿ ಹಾಲಿವುಡ್‌ನ ನಟಿಯರಿಗೆ ಆಸನ ಕಲಿಸಿದರು.

ಮೂರನೆಯವರು ಬಿ.ಕೆ.ಎಸ್. ಅಯ್ಯಂಗಾರ್. ಕೋಲಾರ ಜಿಲ್ಲೆಯ ಬೆಳ್ಳೂರಿನವರು, ಹುಟ್ಟಿದ್ದು 1918ರಲ್ಲಿ. ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಕಂಡು ಸೊರಗಿ ಹೋಗಿದ್ದ ಹುಡುಗ. ಅಕ್ಕನನ್ನು ಕೃಷ್ಣಮಾಚಾರ್ಯರಿಗೆ ಕೊಟ್ಟಿದ್ದರಿಂದ ಭಾವನ ಮನೆಗೆ ಮೈಸೂರಿಗೆ ಬಂದ, ಮೈ ಸುಧಾರಿಸಲಿ ಎಂದು ಆಸನ ಕಲಿತ. ಅವರ ‘ಲೈಟ್ ಆನ್ ಯೋಗ’ 1966ರಲ್ಲಿ ಬಂತು, ಪಿಟೀಲು ವಾದಕ ಯೆಹೂದಿ ಮೆನುಹಿನ್ ಮುನ್ನುಡಿಯೊಂದಿಗೆ. ಕನ್ನಡದಲ್ಲಿ ಅದು ‘ಯೋಗ ದೀಪಿಕಾ’. ಈ ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡಿದರೆ ಬರೆದವರ ಶಿಸ್ತು ತಿಳಿಯುತ್ತದೆ. ಸುಮಾರು 600 ಫೋಟೋಗಳು. ಒಂದೊಂದು ಆಸನದ ಹೆಸರಿನ ಮುಂದೆ ಒಂದೊಂದು ಅಂಕಿ: ಅದು ಎಷ್ಟು ಕಷ್ಟದ್ದು ಎಂದು ಹೇಳುವುದಕ್ಕೆ. ಕೊನೆಯಲ್ಲಿ ಅನುಬಂಧ. ಯಾವ ವಾರ ಯಾವ ಆಸನ, ಎಷ್ಟು ಹೊತ್ತು ಎಂದು ವಾರವಾರದ ಪಾಠ ಹಾಕಿದ್ದಾರೆ, ಒಟ್ಟು 300 ವಾರ. ಅಂದರೆ ಹತ್ತಿರ ಹತ್ತಿರ ಆರು ವರ್ಷ. ಏಳು ದಿನದಲ್ಲಿ ಹೊಸ ಮನುಷ್ಯನಾಗಿ ಎಂದು ಮುಖಪುಟದ ಮೇಲೆ ಕೂಗುವ ಪುಸ್ತಕಗಳ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. (ರಕ್ತದೊತ್ತಡ, ಕತ್ತುನೋವು ಇರುವವರು ಶೀರ್ಷಾಸನಕ್ಕೆ ಪುಸ್ತಕವನ್ನಷ್ಟೇ ನಂಬಿ ಇಳಿಯಬೇಡಿ, ಗುರು ಎದುರಿಗಿರಲಿ.)

ಮುಚುಕುಂದಪುರದ ಮಗುವಿನ ಹೆಸರು ನಮ್ಮ ಜಿಲ್ಲೆಯ ಎಷ್ಟು ಶಾಲೆಗಳಲ್ಲಿ ಕೇಳಿಬರುತ್ತದೆ? ಜೂನ್ 21ರ ಯೋಗ ದಿನದಂದಾದರೂ ಕೇಳಿಬರಲಿ.

ಚಳ್ಳಕೆರೆ ತಾಲ್ಲೂಕಿನ ಬೆಳಗೆರೆ ಗೊತ್ತೇ? ಆ ಊರಿನ ಬೆಳಗೆರೆ ಕೃಷ್ಣಶಾಸ್ತ್ರಿಗಳು ಮೇಷ್ಟ್ರಾಗಿದ್ದವರು, ಊರಿನಲ್ಲಿ ಶಾಲೆ ಕಟ್ಟಿ ಬೆಳೆಸಿದವರು. ಮುಕುಂದೂರು ಸ್ವಾಮಿಗಳ ಒಡನಾಟವನ್ನು ಅವರು ಬರೆದಿಟ್ಟ ‘ಯೇಗ್ದಾಗೆಲ್ಲಾ ಐತೆ’ ಮತ್ತೆ ಮತ್ತೆ ಅಚ್ಚಾಗುತ್ತಲೇ ಇದೆ. ಸ್ವಾಮಿಗಳ ಮಾತು ಅಚ್ಚ ಹಳ್ಳಿಗನ ಮಾತು. ಗದ್ದೆ, ಎತ್ತು, ಅಡುಗೆಯ ಒಲೆ ಇವುಗಳ ಮಾತಿನಲ್ಲೇ ಅವರು ಬಾಳಿನ ದೊಡ್ಡ ಪ್ರಶ್ನೆಗಳನ್ನು ಬಿಡಿಸುತ್ತಾರೆ. ಶಾಸ್ತ್ರಿಗಳು ಆ ಆಡುಮಾತನ್ನು ಪುಸ್ತಕದ ಭಾಷೆಗೆ ತಿದ್ದಲು ಹೋಗಲಿಲ್ಲ, ಕೇಳಿದಂತೆ ಬರೆದರು. ಇಂಗ್ಲಿಷ್ ಪುಸ್ತಕ ಓದಲು ತಡವರಿಸುವ ಹುಡುಗನಿಗೆ ನಾನು ಮೊದಲು ಕೊಡುವುದು ಇದನ್ನೇ. ಚಿಕ್ಕ ಪುಸ್ತಕ, ಒಂದೇ ಸಲ ಕೂತು ಓದಿ ಮುಗಿಸಬಹುದು. ಮುಗಿಸಿದವರು ಸಾಮಾನ್ಯವಾಗಿ ಇನ್ನೊಮ್ಮೆ ತೆರೆಯುತ್ತಾರೆ.

ಪುಸ್ತಕವನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗಿ ಮಾರಿದ ಲೇಖಕರು ಯಾರು? ಕಾದಂಬರಿಕಾರ ಗಳಗನಾಥರು. ಬರೆದವರೂ ಅವರೇ, ಹೊತ್ತವರೂ ಅವರೇ.

ಈಗ ಸ್ವಲ್ಪ ಹೊರದೇಶಕ್ಕೆ ಹೋಗಿ ಬರೋಣ. ಸ್ವಸಹಾಯ ಎಂಬ ಇಡೀ ಬಗೆಯ ಪುಸ್ತಕಗಳಿಗೆ ಹೆಸರು ಕೊಟ್ಟ ಪುಸ್ತಕ 1859ರದ್ದು: ಸ್ಯಾಮ್ಯುಯೆಲ್ ಸ್ಮೈಲ್ಸ್ ಬರೆದ ‘ಸೆಲ್ಫ್ ಹೆಲ್ಪ್’. ಡಾರ್ವಿನ್ನನ ‘ಜೀವಿಜಾತಿಗಳ ಉಗಮ’ ಬಂದದ್ದೂ ಅದೇ ವರ್ಷ, ಎರಡಕ್ಕೂ ಪ್ರಕಾಶಕ ಒಬ್ಬನೇ, ಲಂಡನ್ನಿನ ಜಾನ್ ಮರ್ರಿ. ಸ್ಮೈಲ್ಸ್ ಓದಿದ್ದು ವೈದ್ಯಕೀಯ, ಮಾಡಿದ್ದು ರೈಲ್ವೆ ಕಂಪನಿಯ ಕೆಲಸ. ಪುಸ್ತಕದ ಮೂಲ ಲೀಡ್ಸ್ ಊರಿನಲ್ಲಿ ಸಂಜೆ ಹೊತ್ತು ತಾವೇ ಸೇರಿ ಓದು ಕಲಿಯುತ್ತಿದ್ದ ಬಡ ಯುವಕರಿಗೆ ಅವರು ಮಾಡಿದ ಭಾಷಣಗಳು. ಮೊದಲ ವರ್ಷವೇ 20,000 ಪ್ರತಿ ಖರ್ಚಾದವು. 1871ರಲ್ಲಿ ಜಪಾನಿ ಭಾಷೆಗೆ ಹೋಗಿ ಅಲ್ಲಿ ಮೇಜಿ ಕಾಲದ ಒಂದು ಇಡೀ ತಲೆಮಾರು ಅದನ್ನು ಓದಿ ಬೆಳೆಯಿತು.

ಒಂದು ರಾತ್ರಿಯ ಓದು ಒಂದು ಬದುಕನ್ನು ತಿರುಗಿಸಿದ್ದಕ್ಕೆ ಎಲ್ಲರೂ ಬಲ್ಲ ಸಾಕ್ಷಿ ಗಾಂಧೀಜಿ. 1904ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಡರ್ಬನ್ ರೈಲು ಹತ್ತುವಾಗ ಗೆಳೆಯ ಪೋಲಾಕ್ ಕೈಗಿತ್ತ ರಸ್ಕಿನ್ನನ ‘ಅನ್‌ಟು ದಿಸ್ ಲಾಸ್ಟ್’ ಅವರಿಗೆ ನಿದ್ದೆಗೊಡಲಿಲ್ಲ. ಅದೇ ವರ್ಷ ಫೀನಿಕ್ಸ್‌ನಲ್ಲಿ ಜಮೀನು ಕೊಂಡು, ಪತ್ರಿಕೆಯ ಮುದ್ರಣಾಲಯವನ್ನೇ ಅಲ್ಲಿಗೆ ಸಾಗಿಸಿ, ಎಲ್ಲರೂ ಕೈಕೆಸರು ಮಾಡಿಕೊಂಡು ದುಡಿಯುವ ಬಾಳು ಶುರು ಮಾಡಿದರು. ಗಮನಿಸಬೇಕಾದದ್ದು ಓದಿಗೂ ಕೆಲಸಕ್ಕೂ ನಡುವೆ ಅವರು ಬಿಟ್ಟ ಅಂತರ. ಬಿಡಲೇ ಇಲ್ಲ ಅನ್ನಬೇಕು.

ಡೇಲ್ ಕಾರ್ನೆಗಿ 1912ರಲ್ಲಿ ನ್ಯೂಯಾರ್ಕಿನ ವೈಎಂಸಿಎಯಲ್ಲಿ ಭಾಷಣ ಕಲೆಯ ತರಗತಿ ತೆಗೆದರು. ತಂದಿದ್ದ ಸರಕು ಮುಗಿದುಹೋದಾಗ ವಿದ್ಯಾರ್ಥಿಗಳನ್ನೇ ಎಬ್ಬಿಸಿ ಅವರವರ ಬದುಕಿನ ಬಗ್ಗೆ ಮಾತನಾಡಿಸಿದರು, ತರಗತಿಗೆ ಜೀವ ಬಂತು. ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಲಿಸಿದ್ದರ ಫಲ 1936ರ ‘ಹೌ ಟು ವಿನ್ ಫ್ರೆಂಡ್ಸ್’ ಪುಸ್ತಕ.

1937ರ ‘ಥಿಂಕ್ ಅಂಡ್ ಗ್ರೋ ರಿಚ್’ ಓದುವವರಿಗೆ ಒಂದು ಎಚ್ಚರ. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯವರೇ ತನಗೆ ಈ ಪುಸ್ತಕದ ಕೆಲಸ ಒಪ್ಪಿಸಿದರು ಎಂದು ನೆಪೋಲಿಯನ್ ಹಿಲ್ ಹೇಳಿಕೊಂಡಿದ್ದಾರೆ. ಅದಕ್ಕೆ ಹಿಲ್ ಅವರ ಮಾತಿನ ಹೊರತು ಬೇರೆ ಆಧಾರ ಇಲ್ಲ. ಪುಸ್ತಕ ಹೇಳುವ ‘ಗುಟ್ಟು’ ಕೇಳಿ ಸಾಲ ಮಾಡಿ ವ್ಯಾಪಾರಕ್ಕಿಳಿಯುವ ಮುಂಚೆ ಇದು ನೆನಪಿರಲಿ.

ಮತ್ತೆ ಕನ್ನಡಕ್ಕೆ ಬರೋಣ. ಡಿ.ವಿ.ಜಿ. ಮೆಟ್ರಿಕ್ ಪಾಸಾಗಲಿಲ್ಲ. ಅವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಬಂತು, ಒಟ್ಟು 945 ಪದ್ಯಗಳು. ಇಂದು ಮದುವೆ ಆಮಂತ್ರಣದಿಂದ ಹಿಡಿದು ಸಂತಾಪ ಸಭೆಯವರೆಗೆ ಅದರ ಸಾಲು ಕೇಳದ ಕನ್ನಡಿಗರಿಲ್ಲ. ಗೀತೆಯನ್ನು ದಿನದ ಬಾಳಿಗೆ ಹೊಂದಿಸಿ ಅವರು ಬರೆದ ‘ಜೀವನಧರ್ಮಯೋಗ’ಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕಗ್ಗವನ್ನು ಒಂದೇ ಉಸಿರಿಗೆ ಓದಬೇಡಿ ಎಂಬುದು ನನ್ನ ಕೋರಿಕೆ. ದಿನಕ್ಕೊಂದು ಪದ್ಯ ಸಾಕು, ಅದೂ ಬಾಯಿಬಿಟ್ಟು ಓದಿದರೆ.

ರಾಮಕೃಷ್ಣ ಪರಂಪರೆಯ ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ ಕನ್ನಡದಲ್ಲಿ ಹುಟ್ಟಿ ಇಂಗ್ಲಿಷಿಗೆ ‘ಲರ್ನ್ ಟು ಲಿವ್’ ಆಗಿ ಹೋಯಿತು. ನಮ್ಮಲ್ಲಿ ಅನುವಾದ ಸಾಮಾನ್ಯವಾಗಿ ಈ ದಿಕ್ಕಿನಲ್ಲಿ ನಡೆಯುವುದಿಲ್ಲ. ಪರೀಕ್ಷೆಯ ಭಯ, ಕೀಳರಿಮೆ, ಕೋಪ ಇವುಗಳಿಂದ ನರಳುವ ವಿದ್ಯಾರ್ಥಿಗಳನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿದಂತಿದೆ ಆ ಪುಸ್ತಕ. ಎಷ್ಟೋ ಮನೆಗಳಲ್ಲಿ ಅಣ್ಣ ಓದಿದ ಪ್ರತಿಯನ್ನೇ ತಂಗಿ ಓದಿರುತ್ತಾಳೆ.

ವೈದ್ಯೆ ಅನುಪಮಾ ನಿರಂಜನ ಕಾದಂಬರಿಗಾರ್ತಿ ಎಂದು ಎಲ್ಲರಿಗೂ ಗೊತ್ತು. ‘ತಾಯಿ ಮಗು’, ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’ ಬರೆದವರೂ ಅವರೇ. ಮೈನೆರೆದ ಹುಡುಗಿಗೆ ತಾಯಿಯೂ ಹೇಳಲು ನಾಚುತ್ತಿದ್ದ ಕಾಲದಲ್ಲಿ ಮುಟ್ಟು, ಬಸಿರು, ಬಾಣಂತನಗಳ ಬಗ್ಗೆ ತಿಳಿಗನ್ನಡದಲ್ಲಿ, ಗೌರವದಿಂದ, ಮುಚ್ಚುಮರೆಯಿಲ್ಲದೆ ಬರೆದರು. ಬದುಕು ಬದಲಾಯಿಸುವುದು ಎಂದರೆ ಕೆಲವೊಮ್ಮೆ ಇಷ್ಟೇ: ಒಬ್ಬ ಹುಡುಗಿಯ ಹೆದರಿಕೆ ಕಳೆಯುವುದು. ಕನ್ನಡ ನಾಡು ಈ ಪುಸ್ತಕಗಳ ಋಣವನ್ನು ಇನ್ನೂ ಸರಿಯಾಗಿ ಲೆಕ್ಕ ಹಾಕಿಲ್ಲ.

ನಿಮ್ಹಾನ್ಸ್‌ನಲ್ಲಿ ಮನೋವೈದ್ಯರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ಬರೆದ ಪುಸ್ತಕಗಳು ಒಂದು ಕಪಾಟು ತುಂಬುವಷ್ಟಿವೆ. ಚಿಕ್ಕವು, ಅಗ್ಗದವು, ಬಸ್ಸಿನಲ್ಲಿ ಓದಬಹುದಾದವು. ದೆವ್ವ ಹಿಡಿದಿದೆ ಎಂದು ಕಟ್ಟಿಹಾಕುವ ಕಡೆ ‘ಇದು ಕಾಯಿಲೆ, ಇದಕ್ಕೆ ಚಿಕಿತ್ಸೆ ಇದೆ’ ಎಂದು ತಾಳ್ಮೆಯಿಂದ ಹೇಳಿದವರು. 2024ರಲ್ಲಿ ಪದ್ಮಶ್ರೀ ಬಂತು.

ವೈದ್ಯರು ಚೀಟಿಯಲ್ಲಿ ಪುಸ್ತಕ ಬರೆದುಕೊಡುವ ದೇಶವೂ ಇದೆ. ಇಂಗ್ಲೆಂಡಿನಲ್ಲಿ 2013ರಿಂದ ‘ರೀಡಿಂಗ್ ವೆಲ್’ ಯೋಜನೆಯಲ್ಲಿ ಆತಂಕ, ಖಿನ್ನತೆಯಂಥ ತೊಂದರೆಗಳಿಗೆ ತಜ್ಞರು ಆರಿಸಿದ ಪುಸ್ತಕಗಳನ್ನು ವೈದ್ಯರು ಸೂಚಿಸುತ್ತಾರೆ, ಸಾರ್ವಜನಿಕ ಗ್ರಂಥಾಲಯದಲ್ಲಿ ಅವು ಸಿಗುತ್ತವೆ. ಚಿಕಿತ್ಸೆಯ ಜೊತೆಗೆ ಇದು, ಚಿಕಿತ್ಸೆಯ ಬದಲಿಗೆ ಅಲ್ಲ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಪಂಚಾಯಿತಿ ಗ್ರಂಥಾಲಯಕ್ಕೂ ನಡುವೆ ಇಂಥ ಒಂದು ಹಾದಿ ಬಿದ್ದರೆ ಎಷ್ಟು ಚೆನ್ನಾಗಿತ್ತು!

ಗ್ರಂಥಾಲಯ ಎಂದಾಗ: ಪುಸ್ತಕ ಇರುವುದು ಬಳಸಲಿಕ್ಕೆ ಎಂಬುದನ್ನೇ ಮೊದಲ ಸೂತ್ರ ಮಾಡಿ 1931ರಲ್ಲಿ ಐದು ಸೂತ್ರಗಳನ್ನು ಕೊಟ್ಟ ಎಸ್.ಆರ್. ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದರು. ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದ್ದು. ನಾವು ಕಟ್ಟುವ ಮನೆ ಕಂದಾಯದ ಜೊತೆಗೇ ಗ್ರಂಥಾಲಯ ಕರವೂ ಸೇರಿರುತ್ತದೆ. ಹಾಗಾಗಿ ಆ ಕಪಾಟಿನ ಮುಂದೆ ನಿಂತು ಪುಸ್ತಕ ಕೇಳುವುದು ಹಕ್ಕು, ಸಂಕೋಚ ಬೇಡ.

ಈಗ ಸೃಷ್ಟಿಯ ಮಾತು. ಬರೆಯಬೇಕು, ಹಾಡಬೇಕು, ನಾಟಕ ಆಡಬೇಕು ಎನ್ನುವವರಿಗೆ.

ನಟರ ಬೈಬಲ್ ಎಂದೇ ಹೆಸರಾದ ಸ್ತಾನಿಸ್ಲಾವ್‌ಸ್ಕಿಯ ‘ಆ್ಯನ್ ಆ್ಯಕ್ಟರ್ ಪ್ರಿಪೇರ್ಸ್’ (1936) ಪಾಠದ ಪುಸ್ತಕದಂತಿಲ್ಲ. ತಪ್ಪುತ್ತ, ಬೈಸಿಕೊಳ್ಳುತ್ತ ಕಲಿಯುವ ಒಬ್ಬ ವಿದ್ಯಾರ್ಥಿಯ ದಿನಚರಿಯಂತಿದೆ. ಅಭಿನಯವನ್ನು ಓದಿ ಮಾತ್ರ ಕಲಿಯಲಾಗದು ಎನ್ನುವವರು ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಹೋಗಬಹುದು. ಪಂಡಿತಾರಾಧ್ಯ ಸ್ವಾಮೀಜಿಯವರ ಮುಂದಾಳ್ತನದಲ್ಲಿ 1997ರಲ್ಲಿ ಹೊರಟ ‘ಶಿವಸಂಚಾರ’ ರೆಪರ್ಟರಿ ಪ್ರತಿ ವರ್ಷ ನಾಟಕಗಳನ್ನು ಹೊತ್ತು ನಾಡು ಸುತ್ತುತ್ತದೆ. ಅಲ್ಲಿ ರಂಗಶಾಲೆಯೂ ಇದೆ, ಬಯಲು ರಂಗಮಂದಿರವೂ ಇದೆ. ಹಳ್ಳಿಯ ಹುಡುಗರು ಅಲ್ಲಿ ದನಿ ತೆಗೆಯಲು ಕಲಿತು ನಾಡಿನ ವೇದಿಕೆಗಳಲ್ಲಿ ನಿಂತಿದ್ದಾರೆ.

ಅಮೆರಿಕದ ಜೂಲಿಯಾ ಕ್ಯಾಮರನ್ ತನ್ನ ಪಾಠಗಳನ್ನು ಮೊದಲು ಜೆರಾಕ್ಸ್ ಮಾಡಿಸಿ ಮಾರುತ್ತಿದ್ದರು. 1992ರಲ್ಲಿ ಅದೇ ‘ದಿ ಆರ್ಟಿಸ್ಟ್ಸ್ ವೇ’ ಎಂಬ ಪುಸ್ತಕವಾಗಿ ಲಕ್ಷಾಂತರ ಕಲಾವಿದರ ಕೈ ಸೇರಿತು. ಅದರ ಮೊದಲ ಪಾಠ ತೀರಾ ಸರಳ. ಬೆಳಿಗ್ಗೆ ಎದ್ದೊಡನೆ ಮೂರು ಪುಟ, ಕೈಯಲ್ಲೇ, ಮನಸ್ಸಿಗೆ ಬಂದದ್ದನ್ನು ಬರೆಯುವುದು. ಅಚ್ಚಿಗೆ ಕೊಡುವುದಕ್ಕಲ್ಲ, ಯಾರಿಗೂ ತೋರಿಸುವುದಕ್ಕೂ ಅಲ್ಲ. ಹಾಲು ಡೈರಿಗೆ ಹಾಕಬೇಕು, ಮೋಟರ್ ಸುಟ್ಟಿದೆ, ನಿನ್ನೆ ಅತ್ತಿಗೆ ಆಡಿದ ಮಾತು ಇನ್ನೂ ಚುಚ್ಚುತ್ತಿದೆ, ಎಲ್ಲವೂ ಬರಬಹುದು. ತಲೆಯಲ್ಲಿನ ಗಲಾಟೆ ಕಾಗದಕ್ಕಿಳಿದ ಮೇಲೆ ನಿಜವಾಗಿ ಬರೆಯಬೇಕಾದದ್ದಕ್ಕೆ ಜಾಗ ಆಗುತ್ತದೆ ಎಂಬುದು ಆಕೆಯ ನಂಬಿಕೆ. ಇದಕ್ಕೆ ಬೇಕಾದದ್ದು ಇನ್ನೂರು ಪುಟದ ಒಂದು ನೋಟ್‌ಬುಕ್, ಒಂದು ಬಾಲ್‌ಪೆನ್ನು.

ಇದಕ್ಕೆ ಹತ್ತಿರದ ಒಂದು ಪ್ರಯೋಗ 1986ರಲ್ಲಿ ಪ್ರಕಟವಾಯಿತು. ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನಿಬೇಕರ್ ಕಾಲೇಜು ವಿದ್ಯಾರ್ಥಿಗಳಿಗೆ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ನೋವಿನ ಸಂಗತಿಯನ್ನು ಬರೆಯಲು ಹೇಳಿದರು. ನಡೆದದ್ದನ್ನೂ ಅದರಿಂದ ಆದ ಸಂಕಟವನ್ನೂ ಕೂಡಿಸಿ ಬರೆದವರು ಆ ಹೊತ್ತಿಗೆ ಕುಗ್ಗಿದರು, ಆದರೆ ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆಸ್ಪತ್ರೆಗೆ ಉಳಿದವರಿಗಿಂತ ಕಡಿಮೆ ಸಲ ಹೋದರು. ತೀರಾ ಹಸಿಯಾದ ನೋವಿದ್ದವರು ಒಂಟಿಯಾಗಿ ಕೂತು ಕೆದಕದಿರುವುದು ಲೇಸು. ಹತ್ತಿರ ಒಬ್ಬರು ಇರಲಿ.

ಚಳ್ಳಕೆರೆ ತಾಲ್ಲೂಕಿನ ತಳುಕಿನ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕುವೆಂಪು ಅವರಿಗೆ ಗುರು. 1939ರಲ್ಲಿ ತೀರಿಕೊಂಡರು. ಹತ್ತು ವರ್ಷದ ಮೇಲೆ ಅಚ್ಚಾದ ‘ಶ್ರೀ ರಾಮಾಯಣ ದರ್ಶನಂ’ ಅರ್ಪಿತವಾಗಿರುವುದು ಅವರಿಗೇ. ಬರೆಯುವವರ ಬೆನ್ನ ಹಿಂದೆ ಒಬ್ಬ ಓದಿಸುವವರು ಇರುತ್ತಾರೆ, ಅವರೂ ನಮ್ಮ ಜಿಲ್ಲೆಯವರು ಎಂಬ ಹೆಮ್ಮೆ ನನಗೆ.

ಕೊನೆಗೆ, ಎಲ್ಲರೂ ಕೇಳುವ ಪ್ರಶ್ನೆ. ಹೊಸ ಅಭ್ಯಾಸ 21 ದಿನದಲ್ಲಿ ಮೈಗೂಡುತ್ತದೆಯೇ? ಆ ಅಂಕಿ ಬಂದದ್ದು ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಿಂದ. ಶಸ್ತ್ರಚಿಕಿತ್ಸೆಯಾದವರಿಗೆ ತಮ್ಮ ಹೊಸ ಮುಖ ಒಗ್ಗಲು ಕಡಿಮೆಯೆಂದರೂ ಸುಮಾರು 21 ದಿನ ಬೇಕು ಎಂದು ಅವರು ಗಮನಿಸಿದ್ದರು. ‘ಕಡಿಮೆಯೆಂದರೂ’ ಎಂಬುದು ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಹಿಂಬಾಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಂದ ಉತ್ತರ ಬೇರೆ: ನಡುಮಟ್ಟದ ಲೆಕ್ಕ 66 ದಿನ, ಅಂದಾಜಿನಲ್ಲಿ 18 ದಿನದಿಂದ 254 ದಿನದವರೆಗೂ. ತಿನ್ನುವ ಕುಡಿಯುವ ಅಭ್ಯಾಸಗಳು ಬೇಗ ಕೂಡಿಬಂದವು, ವ್ಯಾಯಾಮಕ್ಕೆ ಹೆಚ್ಚು ಕಾಲ ಹಿಡಿಯಿತು. ನಡುವೆ ಒಂದು ದಿನ ತಪ್ಪಿಸಿಕೊಂಡವರಿಗೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ನಾಳೆ ಬೆಳಿಗ್ಗೆ ಮೂರು ಪುಟ ಬರೆಯಲು ಕೂರುವವರು, ಸೂರ್ಯನಮಸ್ಕಾರಕ್ಕೆ ಚಾಪೆ ಹಾಸುವವರು ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ವಾರವನ್ನಲ್ಲ, ಎರಡು ಮೂರು ತಿಂಗಳನ್ನು ಗುರುತು ಹಾಕಿಕೊಳ್ಳಿ. ಮಾರಿಹಬ್ಬಕ್ಕೋ ಮದುವೆಗೋ ಹೋಗಿ ಒಂದು ದಿನ ಬಿಟ್ಟುಹೋದರೆ ಮರುದಿನ ಅಲ್ಲಿಂದಲೇ ಮುಂದುವರಿಸಿ, ಮೊದಲಿಂದ ಎಣಿಸಬೇಕಾಗಿಲ್ಲ.